ಕೆಂಪು ಬಟ್ಟೆ ಕಟ್ಟಿದ ಸಾಲು

ಹೋಳೂರು
20 ಏಪ್ರಿಲ್ 2025

ಕದಿರೇಶ್ ಚಿಕ್ಕಪ್ಪನಿಗೆ ವಾಣಿಶ್ರೀಯ ನಮಸ್ಕಾರ.

ನನ್ನ ಅಕ್ಷರ ನೋಡಿ ನಗಬೇಡ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಅಂತ ನನಗೂ ಗೊತ್ತು. ಆದರೆ ಅಪ್ಪ ನಿನ್ನ ನಂಬರನ್ನೂ ಸುನಂದ ಚಿಕ್ಕಮ್ಮನ ನಂಬರನ್ನೂ ಮನೆಯ ಫೋನಿನಲ್ಲಿ ಬ್ಲಾಕ್ ಮಾಡಿಸಿದ್ದಾನೆ. ಅವನಿಗೆ ಮಾಡಲು ಬರಲಿಲ್ಲ, ನನ್ನ ಕೈಯಲ್ಲೇ ಮಾಡಿಸಿದ. ಪಕ್ಕದಲ್ಲೇ ನಿಂತು, "ಆಯ್ತೇನಮ್ಮಾ? ಸರಿಯಾಗಿ ಆಯ್ತಾ?" ಅಂತ ಎರಡು ಸಲ ಕೇಳಿದ.

ಇನ್‌ಲ್ಯಾಂಡ್ ಲೆಟರ್ ಕೇಳಿದಾಗ ಪೋಸ್ಟಾಫೀಸಿನ ಮುನಿಯಲ್ಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ್ಗೇ ಇದು? ಹುಡುಗನ್ಗಾ?" ಅಂದರು. "ಟೇಕಲ್ಲಲ್ಲಿರೋ ನಮ್ ಚಿಕ್ಕಪ್ಪಂಗೆ" ಅಂದೆ. ಆಮೇಲೆ ಏನೂ ಕೇಳಲಿಲ್ಲ. ಊರಿಗೆಲ್ಲ ಗೊತ್ತಿರುವ ವಿಷಯ ತಾನೇ. "ಉತ್ರ ಬಂದ್ರೆ ನಿನ್ ಕೈಗೇ ಕೊಡ್ತೀನಿ, ಹೋಗು" ಅಂದರು.

ನೀವಿಬ್ಬರೂ ಹೋಗಿ ಒಂಬತ್ತು ದಿನವಾಯಿತು. ಸತ್ತ ರೇಷ್ಮೆ ಹುಳವನ್ನೆಲ್ಲ ಗುಂಡಿ ತೋಡಿ ಮುಚ್ಚಿದೆವು. ಇನ್ನೂರು ಮೊಟ್ಟೆಯ ಸಾವಿರಾರು ಹುಳ, ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಾಗಿತ್ತು. ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಬೀಗ ಹಾಕಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ರೇಷ್ಮೆ ಸೊಪ್ಪು ಕೊಯ್ಯುವ ಕೆಲಸವೇ ಇಲ್ಲ. ಆದರೂ ಎಲ್ಲರೂ ಐದಕ್ಕೇ ಎದ್ದು ಕೂತಿರುತ್ತೇವೆ. ಅಮ್ಮ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಅಪ್ಪ ಡೈರಿಗೆ ಹಾಲು ಹಾಕಿ ಬಂದು ಟಿವಿ ಹಾಕುತ್ತಾನೆ, ಐದು ನಿಮಿಷಕ್ಕೆ ಆರಿಸುತ್ತಾನೆ. ಅಜ್ಜಿಗೆ ಕೋಪ ಬಂದರೆ ತೆಲುಗೇ ಅಲ್ಲವಾ? ನಿನ್ನೆ ಜಗಲಿಯಲ್ಲಿ ಕೂತು ಬೀದಿಗೆಲ್ಲ ಕೇಳುವ ಹಾಗೆ, "ನಾ ಕೊಡುಕುಲಿದ್ದರೂ ಎದ್ದುಲೇ" ಅಂದಳು. ನನ್ನ ಇಬ್ಬರು ಮಕ್ಕಳೂ ಎತ್ತುಗಳೇ ಅಂತ. ನನಗೆ ನಗು ಬಂತು, ನಗಲಿಲ್ಲ.

ನಿಮ್ಮ ಭಾಗದ ಮನೆಯ ಬಾಗಿಲು ಹಾಕಿದೆ. ತುಳಸಿಗೆ ನಾನು ನೀರು ಹಾಕುತ್ತಿದ್ದೇನೆ.

ಒಂದು ವಿಷಯ ಹೇಳಬೇಕು ಅಂತಲೇ ಈ ಕಾಗದ ತಂದೆ. ಅಷ್ಟರಲ್ಲಿ ಜಾಗ ಮುಗಿಯಿತು. ಯಾವಾಗ ಬರುತ್ತೀಯ ಅಂತ ಬರಿ.

ನಿನ್ನ
ವಾಣಿ


ಟೇಕಲ್
26 ಏಪ್ರಿಲ್ 2025

ವಾಣಿಗೆ ಆಶೀರ್ವಾದ.

ಕಾಗದ ಸೇರಿತು. ಹತ್ತನೇ ಕ್ಲಾಸು ಮುಗಿಸಿದ ಹುಡುಗಿಯ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಪೇಪರ್ ತಿದ್ದಿದ ಮೇಷ್ಟ್ರು ಪುಣ್ಯವಂತರು.

ನಾವು ಚೆನ್ನಾಗಿದ್ದೇವೆ. ಮಾವನ ಮನೆಯಲ್ಲಿ ಮೊದಲ ಮೂರು ದಿನ ಕೋಳಿ ಸಾರು, ಆಮೇಲೆ ಸೊಪ್ಪಿನ ಸಾರು, ಈಗ ನಿನ್ನೆಯ ಸಾರು. ಮಾಲೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಡಬ್ಬ ಬರುತ್ತದೆ, ಮುಚ್ಚಳ ಹಾಕುತ್ತೇನೆ, ಡಬ್ಬ ಮುಂದೆ ಹೋಗುತ್ತದೆ. ಒಳಗೆ ಏನಿದೆ ಅಂತ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಗಿಡಕ್ಕೆ ನೀರು ಬಿಡಬೇಕು, ಕರೆಂಟು ಯಾವಾಗ ಬರುತ್ತೋ ಅನ್ನುವ ಚಿಂತೆ ಇಲ್ಲ. ಇದೂ ಒಂದು ಸುಖವೇ ಅಂತ ನಿಮ್ಮ ಚಿಕ್ಕಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ.

ಯಾವಾಗ ಬರುತ್ತೀಯ ಅಂತ ಕೇಳಿದ್ದೀಯ. ಬರುವುದಿಲ್ಲ. ನನ್ನ ಭಾಗದ ಎರಡು ಎಕರೆಯನ್ನು ಶ್ರೀನಿವಾಸಪುರದ ಕದಿರಪ್ಪ ಅನ್ನುವವರಿಗೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಡುತ್ತಿದ್ದೇನೆ. ಪಾಲಿಹೌಸ್ ಹಾಕಿ ಹೂವು ಬೆಳೆಯುತ್ತಾರಂತೆ. ಜೂನ್ ಐದಕ್ಕೆ ಕರಾರು ಪತ್ರ. ಅಲ್ಲಿಂದಾಚೆ ನನಗೆ ಹೋಳೂರಿನಲ್ಲಿ ಕೆಲಸವಿರುವುದಿಲ್ಲ.

ನಿಮ್ಮಪ್ಪ ಬೈದಿದ್ದಕ್ಕೆ ಬೇಜಾರಿಲ್ಲ, ಅಣ್ಣ ಬೈಯದೆ ಇನ್ಯಾರು ಬೈಯುತ್ತಾರೆ. ಬೀದಿಯಲ್ಲಿ ನಾಲ್ಕು ಜನರ ಮುಂದೆ, "ನಮ್ಮನೆ ಹುಳ ಸಾಯ್ಲಿ ಅಂತ್ಲೇ ಬಟ್ಟೆ ಕಟ್ಲಿಲ್ಲ ಕಣೋ ನೀನು" ಅಂದನಲ್ಲ, ಅದೊಂದು ನನಗೆ ಜೀರ್ಣವಾಗಲಿಲ್ಲ. ಬಟ್ಟೆ ಕಟ್ಟುವುದು ನಮ್ಮಪ್ಪನ ಕಾಲದಿಂದ ನಡೆದುಬಂದದ್ದು. ನನ್ನ ಟೊಮೇಟೊಗೆ ಔಷಧಿ ಹೊಡೆದ ದಿನ, ಬದುವಿನ ಪಕ್ಕದ ನಿಮ್ಮ ನಾಲ್ಕು ಸಾಲು ರೇಷ್ಮೆಯ ಮೊದಲ ಗಿಡಕ್ಕೆ ಕೆಂಪು ಬಟ್ಟೆ ಕಟ್ಟುತ್ತೇನೆ. ಬಟ್ಟೆ ಇದ್ದರೆ, ಗಾಳಿಗೆ ಔಷಧಿ ತಗುಲಿದ ಆ ಸಾಲುಗಳ ಸೊಪ್ಪನ್ನು ಹದಿನೈದು ದಿನ ಯಾರೂ ಮುಟ್ಟುವುದಿಲ್ಲ, ಹುಳಕ್ಕೆ ಹಾಕುವುದಿಲ್ಲ. ಈ ಸಲವೂ ಕಟ್ಟಿದ್ದೆ. ಕಟ್ಟಿದ ಹಾಗೇ ನೆನಪು.

ಹೋಗಲಿ ಬಿಡು. ನಿನಗೆ ಇದೆಲ್ಲ ಯಾಕೆ. ನೀನು ರಜಾ ಕಳಿ, ಮಾವಿನಹಣ್ಣು ತಿನ್ನು.

ಚಿಕ್ಕಪ್ಪ


ಹೋಳೂರು
6 ಮೇ 2025

ಚಿಕ್ಕಪ್ಪಾ,

ರಿಸಲ್ಟ್ ಬಂತು. ಆರುನೂರ ಇಪ್ಪತ್ತೈದಕ್ಕೆ ಐನೂರ ನಲವತ್ತೊಂದು. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ, "ಕೋಲಾರದ ಕಾಲೇಜ್ಗೇ ಸೇರ್ಸೋಣ, ದಿನಾ ಬಸ್ಸಲ್ಲಿ ಹೋಗಿ ಬರ್ಲಿ" ಅಂದ. ಆಮೇಲೆ ಅಭ್ಯಾಸದ ಮೇಲೆ ನಿಮ್ಮ ಬಾಗಿಲ ಕಡೆ ತಿರುಗಿ, "ಕದಿರೇಶಾ, ಕೇಳಿಸ್ತೇನೋ?" ಅಂದುಬಿಟ್ಟ. ಬಾಯಿಂದ ಬಂದ ಮೇಲೆ ಏನು ಮಾಡುವುದು ಅಂತ ತಿಳಿಯದೆ ಹಸುವಿಗೆ ಹುಲ್ಲು ಹಾಕಲು ಹೋದ. ಹಸುವಿಗೆ ಆಗಲೇ ಹಾಕಿಯಾಗಿತ್ತು.

ದೇವರಾಯಸಮುದ್ರಕ್ಕೆ, ಅಮ್ಮನ ತವರಿಗೆ ಹೋಗಿ ಒಂದು ವಾರ ಇದ್ದು ಬಂದೆ. ಸಂಜೆ ಹೊತ್ತು ಕೆರೆ ಏರಿಯ ಮೇಲೆ ನಡೆಯುವುದು, ಹಪ್ಪಳ ಒಣಗಿಸುವುದು, ಕಾಗೆ ಓಡಿಸುವುದು, ಮಧ್ಯಾಹ್ನ ತೆಲುಗು ಸಿನಿಮಾ. ಅಲ್ಲಿನ ಹುಡುಗಿಯರಿಗೆ ರೇಷ್ಮೆ ಹುಳ ಗೊತ್ತಿಲ್ಲ. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ ಅಂದರೆ, "ಮಾತ್ರೆ ಕೊಡ್ತೀರೇನೇ?" ಅಂತ ಬಿದ್ದು ಬಿದ್ದು ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಅಲ್ಲಿ ಅಮರನಾಥ್ ಮಾವ ತನ್ನ ಫೋನ್ ಕೊಟ್ಟು, "ನಿಮ್ ಚಿಕ್ಕಪ್ಪನ್ ಹತ್ರ ಮಾತಾಡ್ಬೇಕಂದ್ರೆ ಮಾತಾಡೇ, ನಾನ್ಯಾರ್ಗೂ ಹೇಳಲ್ಲ" ಅಂದ. ಏಪ್ರಿಲ್ ಮೂವತ್ತನೇ ತಾರೀಕು ಮಧ್ಯಾಹ್ನ ನಿನಗೆ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತಲ್ಲ, ನೀನು "ಹಲೋ, ಯಾರು? ಯಾರ್ರೀ?" ಅಂದೆಯಲ್ಲ, ಅದು ನಾನು. ನಿನ್ನ ಧ್ವನಿ ಕೇಳಿದ ಮೇಲೆ ಕಾಲ್ ಕಟ್ ಮಾಡಿದೆ. ಕಾಗದವಾದರೆ ನಿನ್ನ ಮುಖವೂ ಇಲ್ಲ, ಧ್ವನಿಯೂ ಇಲ್ಲ.

ಹೊಲ ಗುತ್ತಿಗೆ ಕೊಡಬೇಡ. ದಮ್ಮಯ್ಯ ಚಿಕ್ಕಪ್ಪ, ಕೊಡಬೇಡ.

"ಕಟ್ಟಿದ ಹಾಗೇ ನೆನಪು" ಅಂತ ಬರೆದಿದ್ದೀಯ. ನೆನಪಲ್ಲ. ಬಟ್ಟೆ ಇತ್ತು. ನಾನು ನೋಡಿದ್ದೆ.

ವಾಣಿ


ಟೇಕಲ್
11 ಮೇ 2025

ವಾಣಿ,

ಮಾರ್ಕ್ಸು ಚೆನ್ನಾಗಿ ಬಂದಿದೆ. ಸಂತೋಷ.

ನೋಡಿದ್ದೆ ಅಂದರೆ ಏನು? ಅವತ್ತು ಬೀದಿಯಲ್ಲಿ ನಿಮ್ಮಪ್ಪ ನಿನ್ನನ್ನು ಕರೆದು, "ಬಟ್ಟೆ ಇತ್ತೇನಮ್ಮಾ?" ಅಂತ ಕೇಳಿದ. ನೀನು "ಇರ್ಲಿಲ್ಲಪ್ಪ" ಅಂದೆ. ನಾನು ಅಲ್ಲೇ ನಿಂತಿದ್ದೆ. ಬರೆದರೆ ಪೂರ್ತಿ ಬರಿ. ಇಲ್ಲದಿದ್ದರೆ ಬರೆಯಬೇಡ. ಅರ್ಧ ಹೇಳಿ ಬಿಟ್ಟರೆ ಇಲ್ಲಿ ಮುಚ್ಚಳ ಹಾಕುವವನ ಕೈ ತಪ್ಪುತ್ತದೆ.

ನಿಮ್ಮ ಚಿಕ್ಕಮ್ಮ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದಾಳೆ. ನಿನಗೆ ಅಂತ ಒಂದು ಜಾಡಿ ಎತ್ತಿಟ್ಟಿದ್ದಾಳೆ. ಅವಳಿಗೆ ಈ ಕಾಗದಗಳನ್ನು ತೋರಿಸಿಲ್ಲ.

ಕದಿರೇಶ್


ಹೋಳೂರು
16 ಮೇ 2025

ಚಿಕ್ಕಪ್ಪನಿಗೆ,

ಪೂರ್ತಿ ಬರೆಯುತ್ತೇನೆ. ಓದಿದ ಮೇಲೆ ಏನು ಬೇಕಾದರೂ ಅನ್ನು.

ಅವತ್ತು ಬುಧವಾರ. ಪರೀಕ್ಷೆ ಮುಗಿದಿತ್ತು, ಕ್ಲಾಸಿನ ಹುಡುಗಿಯರೆಲ್ಲ ಕೋಲಾರಕ್ಕೆ ಸಿನಿಮಾಕ್ಕೆ ಹೊರಟಿದ್ದರು. ಅಮ್ಮ, "ಎರಡ್ ಹೊರೆ ಸೊಪ್ಪು ತಂದ್ಹಾಕಿ ಎಲ್ಲಿಗಾದ್ರೂ ಹೋಗು" ಅಂದಳು. ಹುಣಸೆಮರದ ಹತ್ತಿರದ ತುಂಡಿಗೆ ಹೋಗಿ ಕೊಯ್ದು ಹೊತ್ತು ತರಬೇಕಾದರೆ ಎಂಟೂವರೆ ಬಸ್ಸು ಹೋಗಿಬಿಡುತ್ತಿತ್ತು. ಬದುವಿನ ಪಕ್ಕದ ನಾಲ್ಕು ಸಾಲು ಮನೆಗೆ ಹತ್ತಿರ. ಯಾರೂ ಮುಟ್ಟದೆ ಇದ್ದದ್ದಕ್ಕೆ ಸೊಪ್ಪು ಅಗಲವಾಗಿ, ಕಪ್ಪಗೆ ಬೆಳೆದಿತ್ತು. ಮೊದಲ ಗಿಡಕ್ಕೇ ಬಟ್ಟೆ ಕಟ್ಟಿತ್ತು. ಚಿಕ್ಕಮ್ಮನ ಹಳೇ ಬ್ಲೌಸಿನ ತುಂಡು. ನೋಡಿದೆ. ಹೋದ ಸಲದ್ದಿರಬೇಕು, ಬಿಚ್ಚಲು ಮರೆತಿದ್ದೀಯ ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಪೂರ್ತಿ ನಿಜವಲ್ಲ. ಹಾಗೆ ಅಂದುಕೊಂಡರೆ ಬಸ್ಸು ಸಿಗುತ್ತೆ ಅಂತ ಅಂದುಕೊಂಡೆ.

ಸಿನಿಮಾ ಚೆನ್ನಾಗಿತ್ತು. ಮೂರು ಗಂಟೆಗೆ ವಾಪಸ್ ಬಂದಾಗ ಹುಳದ ಮನೆಯ ಮುಂದೆ ಜನ. ಹುಳಗಳು ತಲೆ ಎತ್ತಿ ಎತ್ತಿ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು. ಅಮ್ಮ ಒಂದೊಂದನ್ನೇ ಕೈಯಲ್ಲಿ ಎತ್ತಿ ನೋಡುತ್ತಿದ್ದಳು. ನನಗೆ ಅಲ್ಲೇ ಗೊತ್ತಾಯಿತು. ಎಲ್ಲರೂ ಒಳಗಿದ್ದಾಗ ನಾನು ಹೊಲಕ್ಕೆ ಓಡಿದೆ. ಬಟ್ಟೆ ಬಿಚ್ಚಿದೆ. ಗಂಟು ಗಟ್ಟಿಯಾಗಿತ್ತು, ಕೈಯಲ್ಲಿ ಬರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಬಚ್ಚಲ ಒಲೆಗೆ ಹಾಕಿದೆ.

ಅಪ್ಪ ಹೋಗಿ ನೋಡಿದ, ಬಟ್ಟೆ ಇರಲಿಲ್ಲ. ನನ್ನನ್ನು ಕೇಳಿದ, ಇರಲಿಲ್ಲ ಅಂದೆ. ನೀನು, "ಅಣ್ಣಾ, ಕಟ್ಟಿದೀನಿ, ದೇವರಾಣೆ" ಅಂದೆ. ಅಪ್ಪ, "ಹಂಗಾದ್ರೆ ನನ್ ಮಗು ಸುಳ್ಳು ಹೇಳ್ತಾಳೇನೋ?" ಅಂದ. ನೀನು ನನ್ನನ್ನು ನೋಡಿದೆ.

ಅವತ್ತಿನಿಂದ ನನಗೆ ಯಾರೂ ಒಂದು ಮಾತು ಅಂದಿಲ್ಲ. ನನ್ನ ತಟ್ಟೆಗೆ ತುಪ್ಪ ಬೀಳುತ್ತೆ. ಮಗು ಹೆದರಿದೆ ಅಂತ ಅಜ್ಜಿ ತಾಯತ ಕಟ್ಟಿಸಿದ್ದಾಳೆ. ನನಗೆ ನನ್ನ ಮೇಲೆ ಅಸಹ್ಯವಾಗುತ್ತೆ, ಚಿಕ್ಕಪ್ಪ. ಬೇರೆ ಮಾತು ಗೊತ್ತಿಲ್ಲ.

ವಾಣಿಶ್ರೀ


ಟೇಕಲ್
21 ಮೇ 2025

ವಾಣಿಗೆ,

ಕಾಗದ ಬಂದು ಎರಡು ದಿನವಾಯಿತು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ ಅನ್ನುವ ಕಡೆ ನಿಲ್ಲಿಸಿ, ಎದ್ದು ಸ್ಟೇಷನ್ ತನಕ ನಡೆದು ಬಂದೆ. ಆಮೇಲೆ ಉಳಿದದ್ದು ಓದಿದೆ.

ನಲವತ್ತು ದಿನದಿಂದ ನಾನು ಆ ಗಂಟನ್ನೇ ಯೋಚಿಸುತ್ತಿದ್ದೆ. ಸಡಿಲ ಹಾಕಿದ್ದೆನೇನೋ, ಗಾಳಿಗೆ ಹಾರಿತೇನೋ, ಕಟ್ಟಬೇಕು ಅಂದುಕೊಂಡು ಕಟ್ಟದೆ ಬಂದೆನೇನೋ. ದೇವರ ಮೇಲೆ ಆಣೆ ಇಟ್ಟವನಿಗೇ ಅನುಮಾನ. ಅಣ್ಣ ಅಂದದ್ದು ನಿಜವೇ ಇರಬೇಕು, ಮನಸ್ಸಿನ ಮೂಲೆಯಲ್ಲಿ ಹೊಟ್ಟೆಕಿಚ್ಚಿತ್ತೇನೋ ಅಂತ ಕೂಡ ಯೋಚಿಸಿದ್ದೇನೆ. ಗಂಟು ಗಟ್ಟಿಯಾಗಿತ್ತು ಅಂತ ಬರೆದೆಯಲ್ಲ, ಅದೊಂದಕ್ಕೆ ನಿನಗೆ ಉಪಕಾರ.

ಅವತ್ತು ನಿನ್ನ ಮುಖ ನೋಡಿದಾಗ ನೀನು ನೆಲ ನೋಡಿದೆ. ಅನುಮಾನ ಬಂತು. ಎತ್ತಿ ಆಡಿಸಿದ ಮಗುವಿನ ಮೇಲೆ ಅನುಮಾನ ಪಡುತ್ತೇನಲ್ಲ ಅಂತ ನನಗೇ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಪರವಾಗಿಲ್ಲ ಬಿಡು ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ನಿನ್ನ ಮೇಲೆ ಕೋಪವಿದೆ. ಬಸ್ಸಿನ ಆಸೆಗೆ ಸೊಪ್ಪು ಕೊಯ್ದದ್ದಕ್ಕಲ್ಲ. ಅದು ನಿನ್ನ ವಯಸ್ಸು, ನಾನೂ ಸಿನಿಮಾಕ್ಕೆ ಅಂತ ಪಂಪ್‌ಸೆಟ್ ಆರಿಸದೆ ಓಡಿದವನೇ. ಕೋಪ ಯಾಕೆ ಅಂತ ನಿನಗೆ ಗೊತ್ತು.

ನನಗೆ ಹೇಳಿದ್ದರಿಂದ ನಿನ್ನ ಎದೆಯ ಭಾರ ಇಳಿದಿರಬಹುದು. ಬೇರೇನೂ ಆಗಲಿಲ್ಲ. ಹೇಳಬೇಕಾದವನು ನಿನ್ನ ಮನೆಯಲ್ಲೇ ಇದ್ದಾನೆ. ನಾನು ಹೇಳುವುದಿಲ್ಲ. ಹೇಳಿದರೆ, ತಪ್ಪಿಸಿಕೊಳ್ಳಲು ಮಗುವಿನ ಮೇಲೆ ಹಾಕಿದ ಅನ್ನುತ್ತಾನೆ, ಅದು ನನಗೆ ಬೇಡ. ಐದನೇ ತಾರೀಕಿಗೆ ಇನ್ನು ಹದಿನೈದು ದಿನವಿದೆ. ಕದಿರಪ್ಪನವರು ಒಳ್ಳೆಯ ಮನುಷ್ಯ, ಮಾತು ಕೊಟ್ಟಿದ್ದೇನೆ. ಸುಮ್ಮನೆ ಮುರಿಯಲಾಗುವುದಿಲ್ಲ.

ತಾಯತ ಬಿಚ್ಚಿ ಇಡು. ಹೆದರಿಕೆ ಅದರಿಂದ ಹೋಗುವುದಲ್ಲ.

ಚಿಕ್ಕಪ್ಪ


ಹೋಳೂರು
30 ಮೇ 2025

ಚಿಕ್ಕಪ್ಪಾ,

ಹೇಳಿದೆ.

ಒಂದು ವಾರ ಹೇಳಬೇಕು ಅಂತ ಅಪ್ಪನ ಹಿಂದೆ ಹಿಂದೆ ಸುತ್ತಿದೆ. ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ, ಡೈರಿಗೆ ಹೋದರೆ ಡೈರಿಗೆ. "ಏನಮ್ಮಾ, ಬಾಲದ ಥರ? ಫೋನ್ ಬೇಕಾ ಕಾಲೇಜ್ಗೆ?" ಅಂದ. ಸೋಮವಾರ ಬೆಳಿಗ್ಗೆ ಅವನು ಚಂದ್ರಿಕೆಗಳನ್ನು ಬಿಸಿಲಿಗೆ ಹಾಕುತ್ತಿದ್ದ. ಹುಳ ಗೂಡು ಕಟ್ಟುವ ಆ ತಟ್ಟೆಗಳು ಈ ಸಲ ಉಪಯೋಗಕ್ಕೇ ಬರಲಿಲ್ಲವಲ್ಲ, ಧೂಳು ಹಿಡಿದಿತ್ತು. ಆ ಕಡೆ ಹಿಡಿದುಕೋ ಅಂದ. ಹಿಡಿದುಕೊಂಡು ಹೇಳಿದೆ. ಸಿನಿಮಾ, ಬಟ್ಟೆ, ಒಲೆ, ಎಲ್ಲ.

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಬೈಯಲೂ ಇಲ್ಲ. ಉಳಿದ ಚಂದ್ರಿಕೆಗಳನ್ನೆಲ್ಲ ಹಾಕಿ ಮುಗಿಸಿದ. ಆಮೇಲೆ, "ನಿಮ್ಮಮ್ಮಂಗೆ ಹೇಳಿದ್ಯಾ?" ಅಂದ. ಇಲ್ಲ ಅಂದೆ. "ಹೇಳ್ಬೇಡ. ಯಾರ್ಗೂ ಹೇಳ್ಬೇಡ. ಆಗಿದ್ದು ಆಗೋಯ್ತು" ಅಂದ.

ಚಿಕ್ಕಪ್ಪ, ನನಗೆ ಹೊಡೆತ ಬಿದ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಮೂರು ದಿನ ಕಾದೆ. ಅಪ್ಪ ಬಾಯಿ ಬಿಡಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅಮ್ಮನ ಮುಂದೆ, ಅಜ್ಜಿಯ ಮುಂದೆ ನಾನೇ ಎಲ್ಲ ಹೇಳಿಬಿಟ್ಟೆ. ಅಮ್ಮ ಸೌಟು ಕೈಯಲ್ಲಿ ಹಿಡಿದವಳು ಹಾಗೇ ಕೂತಳು. ಅಜ್ಜಿ ನನ್ನ ಕೆನ್ನೆಗೆ ಒಂದು ಕೊಟ್ಟಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ಈ ಸಲ ತೆಲುಗಲ್ಲ, ಕನ್ನಡದಲ್ಲೇ, ಮೆತ್ತಗೆ: "ನಿಂಗೆ ಸೋಮಾರದಿಂದ ಗೊತ್ತಿತ್ತೇನೋ? ಗೊತ್ತಿದ್ದೂ ನಾಲ್ಕ್ ದಿನ ಅನ್ನ ತಿಂದ್ಯಾ?"

ಅಪ್ಪ ಎದ್ದು ಹೊಲಕ್ಕೆ ಹೋದ. ಸಂಜೆ ನಾನೇ ಹೋಗಿ, "ಚಿಕ್ಕಪ್ಪಂಗೆ ಕಾಗ್ದ ಬರಿಯಪ್ಪ, ಅಡ್ರೆಸ್ ನನ್ಹತ್ರ ಇದೆ" ಅಂದೆ. "ನಂಗೆ ಕಾಗ್ದ ಬರ್ಯಕ್ ಬರಲ್ಲ" ಅಂದ. ಫೋನ್ ಮಾಡು, ಬ್ಲಾಕ್ ತೆಗೆದಿದ್ದೀನಿ ಅಂದೆ. "ಏನಂತ ಮಾತಾಡ್ಲಿ?" ಅಂದ.

ನನ್ನ ಕೈಲಾದದ್ದು ಇಷ್ಟೇ. ನೀನು ಬರದಿದ್ದರೂ ಸರಿ, ತುಳಸಿಗೆ ನೀರು ಹಾಕುತ್ತೇನೆ.

ವಾಣಿ


ಟೇಕಲ್ ರೈಲ್ವೆ ಸ್ಟೇಷನ್
4 ಜೂನ್ 2025

ತಮ್ಮ ಕದಿರೇಶನಿಗೆ ವೆಂಕಟರಮಣಪ್ಪ ಬರೆಯುವುದು.

ನೀನು ಕ್ಷೇಮವಾಗಿದ್ದೀಯ ಅಂತ ತಿಳಿದಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಅವಳ ಮಂಡಿ ನೋವು ಹಾಗೇ ಇದೆ. ಚಿಕ್ಕ ಹಸು ಗೌರಿ ಕರು ಹಾಕಿತು, ಹೆಣ್ಣು.

ವಾಣಿಯ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾಲ್ಕು ಸಲ ಬರೆದು ಹರಿದೆ. ಏಳನೇ ಕ್ಲಾಸಿನ ಮೇಲೆ ಇಷ್ಟುದ್ದ ಬರೆದವನಲ್ಲ.

ಮಗು ಸುಳ್ಳು ಹೇಳಿತು. ಅದು ಅದರ ತಪ್ಪು. ಹುಟ್ಟಿದಾಗಿನಿಂದ ನಿನ್ನನ್ನು ನೋಡಿದವನು ನಾನು. ನೀನು ಬಾವಿಗೆ ಬಿದ್ದಾಗ ಎತ್ತಿದವನು ನಾನು. ನೀನು ದೇವರಾಣೆ ಅಂದಾಗ ನಂಬಬೇಕಾಗಿತ್ತು. ಬೀದಿಯಲ್ಲಿ ನಿಲ್ಲಿಸಿ ಅನ್ನಬಾರದ್ದು ಅಂದೆ. ಗೊತ್ತಾದ ಮೇಲೂ ನಾಲ್ಕು ದಿನ ಸುಮ್ಮನಿದ್ದೆ. ಮರ್ಯಾದೆ ಹೋಗುತ್ತೆ ಅಂತ. ಇದು ನನ್ನ ತಪ್ಪು. ಹುಳ ಸತ್ತದ್ದಕ್ಕೆ ನಾನು ಅಳಲಿಲ್ಲ. ಇದಕ್ಕೆ ಅತ್ತೆ.

ಹೊಲ ನಿನ್ನದು. ಕೊಡಬೇಡ ಅನ್ನುವ ಹಕ್ಕು ನನಗಿಲ್ಲ. ಆದರೂ ಕೊಡಬೇಡ.

ನೀನು ಟೊಮೇಟೊ ಹಾಕುವ ದಿನ, ಔಷಧಿ ಹೊಡೆಯುವ ದಿನ ಮೊದಲು ಹೇಳು. ಅದನ್ನು ನೋಡಿಕೊಂಡು ನಾನು ಹುಳ ತರುತ್ತೇನೆ. ಇಷ್ಟು ವರ್ಷ ನಾನು ಹುಳ ತಂದಮೇಲೆ ನೀನು ಬಟ್ಟೆ ಕಟ್ಟಿ ಕಾಯುತ್ತಿದ್ದೆ. ಇನ್ನು ಮೇಲೆ ನಾನು ಕಾಯುತ್ತೇನೆ.

ಪೋಸ್ಟಿಗೆ ಹಾಕಿದರೆ ನಾಳೆಯೊಳಗೆ ಸೇರುವುದಿಲ್ಲ ಅಂತ ವಾಣಿ ಅಂದಳು. ಅದಕ್ಕೆ ಇಬ್ಬರೂ ಬಸ್ಸಿನಲ್ಲಿ ಬಂದೆವು. ನಿಮ್ಮ ಮಾವನ ಮನೆಯ ಬೀದಿಗೂ ಬಂದಿದ್ದೆ. ಬಾಗಿಲಲ್ಲಿ ಅವರ ಚಪ್ಪಲಿ ನೋಡಿ, ಅವರಿಗೆ ಯಾವ ಮುಖ ತೋರಿಸಲಿ ಅಂತ ತಿರುಗಿಬಿಟ್ಟೆ. ವಾಪಸ್ ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಇದನ್ನು ಬರೆದೆ. ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಕೋಪವಿದ್ದರೂ ಅವಳಿಗೆ ಊಟ ಹಾಕು. ಬರುವುದಾದರೆ ಅವಳ ಜೊತೆ ಬಾ. ಇಲ್ಲದಿದ್ದರೆ ಅವಳನ್ನು ಒಬ್ಬಳನ್ನೇ ಕಳಿಸು, ನಾನು ಏನೂ ಕೇಳುವುದಿಲ್ಲ.

ನೀರಿನ ಟ್ಯಾಂಕಿನ ಪಕ್ಕದ ಬೆಂಚು. ಸಂಜೆಯವರೆಗೂ ಇಲ್ಲೇ ಇರುತ್ತೇನೆ.

ನಿನ್ನ ಅಣ್ಣ
ವೆಂಕಟರಮಣಪ್ಪ